ಹಲಗೆ, ಕಡತ, ಟ್ಯಾಬ್ಲೆಟ್: ಮಗುವಿನ ವೇಗಕ್ಕೆ ತಕ್ಕ ಕಲಿಕೆಯ ಒಂದು ಚರಿತ್ರೆ

ಪ್ರಾಥಮಿಕ ಶಾಲೆಯ ತರಗತಿಯನ್ನು ಈಚಿನ ವರ್ಷಗಳಲ್ಲಿ ಪ್ರವೇಶಿಸಿದ ಉಪಕರಣಗಳಲ್ಲಿ ಟ್ಯಾಬ್ಲೆಟ್ ಮುಖ್ಯವಾದುದು. ಅದೊಂದು ಗಾಜಿನ ಫಲಕ. ಬೆರಳಾಡಿಸಿದರೆ ಅದರ ಮೇಲೆ ಅಕ್ಷರ ಮೂಡುತ್ತದೆ, ಮತ್ತೊಮ್ಮೆ ಮುಟ್ಟಿದರೆ ಅಳಿಯುತ್ತದೆ. ಮಗುವಿನ ಉತ್ತರವನ್ನು ಪರೀಕ್ಷಿಸಿ, ಆ ಮಗುವಿಗೆ ಮುಂದೆ ಏನನ್ನು ಕೊಡಬೇಕೆಂದು ಅದರೊಳಗಿನ ತಂತ್ರಾಂಶ ನಿರ್ಧರಿಸುತ್ತದೆ. ತರಗತಿಯ ನಲವತ್ತು ಮಕ್ಕಳು ನಲವತ್ತು ಬಗೆಯ ವೇಗದಲ್ಲಿ ಕಲಿಯುವುದು ಇದರಿಂದ ಮೊದಲ ಬಾರಿಗೆ ಸಾಧ್ಯವಾಯಿತೆಂಬ ಮಾತು ಶಿಕ್ಷಣದ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಇದನ್ನು ‘ವೈಯಕ್ತಿಕ ಕಲಿಕೆ’ ಎಂದು ಕರೆಯಲಾಗಿದೆ. ಕಲಿಕೆ ವೈಯಕ್ತಿಕವಾಗಬೇಕೆಂಬ ಆಶಯದ ಬಗ್ಗೆ ತಕರಾರಿಲ್ಲ. ಆದರೆ ‘ಮೊದಲ ಬಾರಿಗೆ’ ಎಂಬುದು ಚರಿತ್ರೆ ಒಪ್ಪುವ ಮಾತಲ್ಲ.

ಇಂಗ್ಲಿಷಿನಲ್ಲಿ ಟ್ಯಾಬ್ಲೆಟ್ ಎಂಬ ಪದದ ಹಳೆಯ ಅರ್ಥಗಳಲ್ಲಿ ‘ಬರೆಯುವ ಹಲಗೆ’ ಎಂಬುದೂ ಒಂದು. ಹಲಗೆ ಮತ್ತು ಬಳಪ ಕನ್ನಡ ನಾಡಿನ ಶಾಲೆಯಲ್ಲಿ ಬಹುಕಾಲ ಬಾಳಿದ ವಸ್ತುಗಳು. ಅವುಗಳ ಜೊತೆಗೆ ಇನ್ನೊಂದು ವಸ್ತುವೂ ಇತ್ತು; ಅದು ಕಡತ. ಈ ಮೂರು ವಸ್ತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಟ್ಯಾಬ್ಲೆಟ್ ಹಿಡಿದ ತರಗತಿಯಲ್ಲಿ ಶಿಕ್ಷಕರು ಅನುಭವಿಸುತ್ತಿರುವ ಸಂತೋಷ ಮತ್ತು ಇಕ್ಕಟ್ಟು ಎರಡಕ್ಕೂ ಚಾರಿತ್ರಿಕ ಹಿನ್ನೆಲೆ ದೊರೆಯುತ್ತದೆ. ಆ ಹಿನ್ನೆಲೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮರಳಿನ ಮೇಲೆ ಬೆರಳು

ಮದ್ರಾಸ್ ಪ್ರಾಂತದ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರ ಜೂನ್ ತಿಂಗಳಲ್ಲಿ ತನ್ನ ಆಡಳಿತಕ್ಕೆ ಒಳಪಟ್ಟ ಜಿಲ್ಲೆಗಳ ದೇಶೀಯ ಶಾಲೆಗಳ ವಿವರವನ್ನು ಸಂಗ್ರಹಿಸಲು ಆದೇಶಿಸಿದನು. ಆಗ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಆಗಿದ್ದವನು ತೆಲುಗು ವ್ಯಾಕರಣವನ್ನು ಬರೆದ ಎ. ಡಿ. ಕ್ಯಾಂಪ್‌ಬೆಲ್. ಅವನು 1823ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ ಕನ್ನಡ ಪ್ರದೇಶದ ಹಳೆಯ ಶಾಲೆಯ ಒಳಗನ್ನು ಕಾಣಿಸುವ ಅಪರೂಪದ ದಾಖಲೆಯಾಗಿದೆ. ಅದರ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ ಕನ್ನಡ ಕಲಿಸುವವು 235, ತೆಲುಗು 226, ಮರಾಠಿ ಮತ್ತು ಸಂಸ್ಕೃತ ತಲಾ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಒಟ್ಟು ವಿದ್ಯಾರ್ಥಿಗಳು 6,641. ಎಂದರೆ ಒಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು.

ಈ ಶಾಲೆಗಳನ್ನು ಜನರು ಕೂಲಿಮಠ, ಐಗಳ ಮಠ, ಗಾಂವಠಿ ಶಾಲೆ ಎಂದು ಪ್ರದೇಶಕ್ಕೊಂದು ಹೆಸರಿನಿಂದ ಕರೆಯುತ್ತಿದ್ದರು. ಗುಡಿಯ ಪೌಳಿ, ಮಠದ ಪಡಸಾಲೆ, ಉಳ್ಳವರ ಮನೆಯ ಜಗಲಿ ಇವುಗಳ ನೆಲೆ. ಕ್ಯಾಂಪ್‌ಬೆಲ್ ಹೇಳುವಂತೆ ಐದು ವರ್ಷದ ಮಗು ಶಾಲೆಗೆ ಸೇರಿದಾಗ ಮೊದಲು ಮಾಡುತ್ತಿದ್ದ ಕೆಲಸ ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತೀಡುವುದು. ಬಾಯಿಪಾಠಕ್ಕಿಂತ ಮುಂಚೆ ಬೆರಳಿನ ಪಾಠ ನಡೆಯುತ್ತಿತ್ತು. ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ಬರೆಸುವ ಅಕ್ಷರಾಭ್ಯಾಸದ ಆಚರಣೆಯಲ್ಲಿ ಈ ಕ್ರಮದ ನೆನಪು ಇಂದಿಗೂ ಉಳಿದಿದೆ.

ಮರಳಿನಲ್ಲಿ ಕೈ ಪಳಗಿದ ಮೇಲೆ ಮಗುವಿಗೆ ಹಲಗೆ ಅಥವಾ ಕಡತ ದೊರೆಯುತ್ತಿತ್ತು. ಹಲಗೆ ಎಂದರೆ ಸುಮಾರು ಒಂದಡಿ ಅಗಲ, ಮೂರಡಿ ಉದ್ದದ ನಯಗೊಳಿಸಿದ ಮರದ ಫಲಕ. ಅನ್ನ ಮತ್ತು ಇದ್ದಿಲಿನ ಪುಡಿಯನ್ನು ಅದಕ್ಕೆ ಬಳಿಯುತ್ತಿದ್ದರು. ಕಡತ ಎಂದರೆ ಗಂಜಿ ಹಾಕಿ ಗಡುಸುಗೊಳಿಸಿ, ಪುಸ್ತಕದಂತೆ ಮಡಿಕೆ ಮಾಡಿ, ಇದ್ದಿಲು ಮತ್ತು ಅಂಟುಗಳ ಮಿಶ್ರಣ ಬಳಿದ ಕಪ್ಪು ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಬಹುದಾಗಿತ್ತು. ವರದಿಯ ಮುದ್ರಿತ ಪಾಠದಲ್ಲಿ ‘ಹುಲ್ಲಿಗಿ’, ‘ಬುಟ್ಟಪ’ ಎಂದು ಓದಬಹುದಾದ ರೂಪಗಳಿವೆ. ಇವು ‘ಹಲಗೆ’ ಮತ್ತು ‘ಬಳಪ’ ಎಂಬ ಮಾತುಗಳೇ ನಕಲುಗಾರನ ಕೈಯಲ್ಲಿ ರೂಪ ಕೆಟ್ಟು ಬಂದಿರುವುದೆಂದು ಊಹಿಸುವುದು ಸಾಧುವಾಗಿದೆ.

ಪ್ರಸ್ತುತ ವಿಷಯಕ್ಕೆ ಹೆಚ್ಚು ಮಹತ್ವದ್ದು ವರದಿಯ ಇನ್ನೊಂದು ಅಂಶ. ಶಾಲೆಯ ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಲಾಗುತ್ತಿತ್ತು. ಒಂದು ವರ್ಗದಿಂದ ಮತ್ತೊಂದಕ್ಕೆ ಏರಲು ವಯಸ್ಸಾಗಲಿ, ಪಂಚಾಂಗದ ತಿಥಿಯಾಗಲಿ ಆಧಾರವಾಗಿರಲಿಲ್ಲ; ಮಗುವಿನ ಸಾಮರ್ಥ್ಯ ಮತ್ತು ಪ್ರಗತಿಯೇ ಆಧಾರವಾಗಿತ್ತು. ಕೆಳಗಿನ ವರ್ಗದ ಮಕ್ಕಳಿಗೆ ಮೇಲಿನ ವರ್ಗದ ಮಕ್ಕಳು ಕಲಿಸುತ್ತಿದ್ದರು. ಐಗಳು ಮುಂದುವರಿದವರಿಗೆ ಪಾಠ ಹೇಳುತ್ತಲೇ ಇಡೀ ಶಾಲೆಯ ಮೇಲೆ ಕಣ್ಣಿಟ್ಟಿರುತ್ತಿದ್ದರು. ಕಾಗುಣಿತ ಬಂದವನು ಒತ್ತಕ್ಷರಕ್ಕೆ, ಮಗ್ಗಿ ಬಂದವನು ಲೆಕ್ಕಕ್ಕೆ ಹೋಗುತ್ತಿದ್ದನು. ಬಾರದವನು ಅಲ್ಲಿಯೇ ನಿಂತು ತೀಡುತ್ತಿದ್ದನು. ಇಂದಿನ ಪರಿಭಾಷೆಯಲ್ಲಿ ಇದು ಮಗುವಿನ ವೇಗಕ್ಕೆ ತಕ್ಕ ಕಲಿಕೆಯೇ ಆಗಿದೆ.

ಹಿರಿಯ ಮಕ್ಕಳು ಕಿರಿಯರಿಗೆ ಕಲಿಸುವ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡಿದ್ದಾನೆ; ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂಬುದು ಅವನ ಅಭಿಪ್ರಾಯ. ಈ ಮಾತಿಗೆ ಹಿನ್ನೆಲೆಯಿದೆ. ಮದ್ರಾಸಿನ ಎಗ್ಮೋರಿನ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್, ದೇಶೀಯ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಆ ಪದ್ಧತಿಯನ್ನು ತನ್ನಲ್ಲಿ ಅಳವಡಿಸಿಕೊಂಡನು. ಈ ಪ್ರಯೋಗವನ್ನು ಕುರಿತು ಅವನು 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಿಂದ ಅದು ಬ್ರಿಟನ್ನಿನಲ್ಲಿ ವ್ಯಾಪಕವಾಗಿ ಹರಡಿತು. ಬೆರಳು, ಮರಳು ಮತ್ತು ಜೊತೆಯ ಮಗು ಸೇರಿ ನಡೆಸುತ್ತಿದ್ದ ಕಲಿಕೆ ಹೀಗೆ ಕಡಲು ದಾಟಿತು.

ಜಗಲಿಗೆ ಏರದವರು

ಇಷ್ಟರಿಂದ ಹಳೆಯ ಶಾಲೆಯನ್ನು ಆದರ್ಶವೆಂದು ಭಾವಿಸುವುದು ತಪ್ಪಾಗುತ್ತದೆ. ಒಂಬತ್ತು ಲಕ್ಷದ ಇಪ್ಪತ್ತೇಳು ಸಾವಿರ ಜನಸಂಖ್ಯೆಯ ಜಿಲ್ಲೆಯಲ್ಲಿ ಶಾಲೆಗೆ ಹೋಗುತ್ತಿದ್ದವರು ನೂರಕ್ಕೆ ಒಬ್ಬರೂ ಅಲ್ಲ. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ಜಾತಿಶ್ರೇಣಿಯ ಕೆಳಗಿನ ಸಮುದಾಯಗಳಿಗೆ ಜಗಲಿಯನ್ನು ಏರುವ ಅವಕಾಶವೇ ವಿರಳವಾಗಿತ್ತು. ಒಳಗೆ ಬಂದವರಿಗೂ ಸುಖವಿರಲಿಲ್ಲ. ಮೈಗಳ್ಳ ಹುಡುಗರನ್ನು ಎರಡೂ ಕೈ ಕಟ್ಟಿ ಮಾಡಿಗೆ ತೂಗುಹಾಕುವುದು, ಕುಳಿತು ಏಳಿಸುವುದು ಮುಂತಾದ ಶಿಕ್ಷೆಗಳನ್ನು ವರದಿ ದಾಖಲಿಸುತ್ತದೆ. ಜನಪದರ ನೆನಪಿನಲ್ಲಿ ಇವು ಕೋದಂಡ, ಬಸ್ಕಿ ಎಂಬ ಹೆಸರುಗಳಲ್ಲಿ ಉಳಿದಿವೆ. ‘ಛಡಿ ಚಂ ಚಂ, ವಿದ್ಯಾ ಘಂ ಘಂ’ ಎಂಬ ಗಾದೆ ಹುಟ್ಟಿದ್ದು ಇಂತಹ ವಾತಾವರಣದಲ್ಲಿಯೇ. ಆಡುಮಾತಿಗೆ ದೂರವಾದ ಭಾಷೆಯ ಕಾವ್ಯಗಳನ್ನು ಮಕ್ಕಳು ಅರ್ಥವರಿಯದೆ ಗಿಳಿಪಾಠ ಒಪ್ಪಿಸುತ್ತಿದ್ದರೆಂದೂ ಕ್ಯಾಂಪ್‌ಬೆಲ್ ಆಕ್ಷೇಪಿಸಿದ್ದಾನೆ. ಮಗುವಿನ ವೇಗಕ್ಕೆ ತಕ್ಕ ಕಲಿಕೆ ಆ ಕಾಲದಲ್ಲಿತ್ತು; ಎಲ್ಲ ಮಕ್ಕಳಿಗೂ ಕಲಿಕೆ ಎಂಬುದು ಇರಲಿಲ್ಲ. ಮುಂದಿನ ಶತಮಾನದ ಚರಿತ್ರೆ ಈ ಎರಡರ ನಡುವಿನ ವಿನಿಮಯದ ಕಥೆಯಾಗಿದೆ.

1854ರ ವುಡ್ ನಿರೂಪದ ತರುವಾಯ ಶಿಕ್ಷಣ ಇಲಾಖೆಗಳು ಸ್ಥಾಪನೆಯಾದವು. ಮೈಸೂರು ಸಂಸ್ಥಾನದಲ್ಲಿ ಇಲಾಖೆ 1857ರಲ್ಲಿ ಅಸ್ತಿತ್ವಕ್ಕೆ ಬಂದಿತು. ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ 1868ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಹಳ್ಳಿಗಳ ಸಮೀಪಕ್ಕೆ ತಂದಿತು. ಶಾಲೆಯ ಬಾಗಿಲು ನಿಧಾನವಾಗಿಯಾದರೂ ಹೆಚ್ಚು ಜನರಿಗೆ ತೆರೆಯಿತು. ಇದರ ಜೊತೆಗೆ ವರ್ಷಕ್ಕೊಂದು ತರಗತಿ, ತರಗತಿಗೊಂದು ಪುಸ್ತಕ, ಪುಸ್ತಕಕ್ಕೊಂದು ಪರೀಕ್ಷೆ, ಪರೀಕ್ಷೆಗೊಬ್ಬ ಇನ್‌ಸ್ಪೆಕ್ಟರ್ ಎಂಬ ಚೌಕಟ್ಟು ಬಲಗೊಂಡಿತು. ಮದ್ರಾಸ್ ಪ್ರಾಂತದಲ್ಲಿ 1860ರ ದಶಕದಲ್ಲಿ ಪರೀಕ್ಷೆಯ ಫಲಿತಾಂಶವನ್ನು ಆಧರಿಸಿ ಶಾಲೆಗಳಿಗೆ ಅನುದಾನ ಕೊಡುವ ನಿಯಮವೂ ಜಾರಿಗೆ ಬಂದಿತು. ಮಗು ಕಲಿತದ್ದು ಇನ್‌ಸ್ಪೆಕ್ಟರ ಬಂದ ದಿನ ಕಾಣಿಸದಿದ್ದರೆ ಹಣ ಬರುವಂತಿರಲಿಲ್ಲ. ಸಾಮರ್ಥ್ಯಕ್ಕೆ ತಕ್ಕಂತೆ ಏರುತ್ತಿದ್ದ ಮಗು ಈಗ ವರ್ಷಕ್ಕೊಮ್ಮೆ ಎಲ್ಲರೊಂದಿಗೆ ಏರಬೇಕಾಯಿತು, ಇಲ್ಲವೆ ‘ನಪಾಸು’ ಎನಿಸಿಕೊಂಡು ಕೂರಬೇಕಾಯಿತು.

ಇಲ್ಲಿ ಕಡತ ಎಂಬ ಪದದ ಪಯಣವನ್ನು ಗಮನಿಸಬೇಕು. ಶಾಲೆಯಲ್ಲಿ ಬರೆದು ಒರೆಸುವ ಬಟ್ಟೆಯಾಗಿದ್ದ ಕಡತ, ಮಠಗಳಲ್ಲಿ ಮತ್ತು ವರ್ತಕರಲ್ಲಿ ಲೆಕ್ಕಪತ್ರಗಳನ್ನು ಉಳಿಸಿಕೊಳ್ಳುವ ಸಾಧನವೂ ಆಗಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತವಾದ ಆಕರಗಳು. ಇಂದಿನ ಕನ್ನಡದಲ್ಲಿ ಕಡತವೆಂದರೆ ಸರ್ಕಾರಿ ಕಚೇರಿಯ ಫೈಲು. ಒರೆಸುವ ಅರ್ಥ ಪೂರ್ಣವಾಗಿ ಅಳಿದು, ಉಳಿಸಿಕೊಳ್ಳುವ ಅರ್ಥವೊಂದೇ ನಿಂತಿದೆ. ಶಾಲೆಯಲ್ಲಿ ನಡೆದದ್ದೂ ಇದೇ. ಒರೆಸಿ ಮತ್ತೆ ಬರೆಯುವ ಹಲಗೆ ಮಗುವಿನ ಕೈಯಲ್ಲಿ ಉಳಿಯಿತು. ಅಂಕ, ಹಾಜರಿ, ಫಲಿತಾಂಶಗಳ ಕಡತ ಇಲಾಖೆಯ ಕಪಾಟನ್ನು ಸೇರಿತು.

ಏಣಿ ಮತ್ತು ತಟ್ಟೆ

ಮಗುವಿನ ವೇಗ ಕನ್ನಡ ಶಾಲೆಗೆ ಮರಳಿ ಬಂದದ್ದು ಯಂತ್ರದ ಮೂಲಕವಲ್ಲ, ರಟ್ಟಿನ ಕಾರ್ಡಿನ ಮೂಲಕ. ಆಂಧ್ರಪ್ರದೇಶದ ಮದನಪಲ್ಲಿ ಸಮೀಪದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಬೆಳೆದ ಬಹುವರ್ಗ ಬೋಧನೆಯ ಕ್ರಮವನ್ನು ನೋಡಿ ಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ‘ನಲಿ-ಕಲಿ’ಯನ್ನು ಆರಂಭಿಸಿದರು. ಕಾಡಂಚಿನ ಹಾಡಿಗಳ ಮಕ್ಕಳು ಸುಗ್ಗಿ, ವಲಸೆ, ಮಳೆಗಳ ನಡುವೆ ಬಂದು ಹೋಗುತ್ತಿದ್ದ ಪ್ರದೇಶವದು. ಹದಿನೈದು ದಿನ ಬಾರದ ಮಗು ಮರಳಿದಾಗ ತರಗತಿ ಮುಂದಕ್ಕೆ ಹೋಗಿರುತ್ತಿತ್ತು. ನಲಿ-ಕಲಿಯಲ್ಲಿ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದಾಗಿತ್ತು. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತನ್ನ ಚಿಹ್ನೆಯನ್ನು ಗುರುತಿಸಿ, ಅದಕ್ಕೆ ಹೊಂದುವ ಕಾರ್ಡನ್ನು ತೆಗೆದುಕೊಂಡು, ಸೂಚಿತ ತಟ್ಟೆಯ ಗುಂಪಿನಲ್ಲಿ ಕೂರುವುದು ಇದರ ಕ್ರಮ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಮತ್ತೊಂದಕ್ಕೆ ಸಹಪಾಠಿಗಳ ನೆರವು, ಇನ್ನೊಂದಕ್ಕೆ ಸ್ವಕಲಿಕೆ. ಅಕ್ಷರಗಳ ಅನುಕ್ರಮವೂ ಬದಲಾಯಿತು. ವರ್ಣಮಾಲೆಯ ಸಾಲನ್ನು ಬಿಟ್ಟು ರ, ಗ, ಸ, ದ, ಅ ಎಂದು ಬರವಣಿಗೆಗೆ ಸುಲಭವಾದ, ಪದ ಕಟ್ಟಲು ಅನುಕೂಲವಾದ ಅಕ್ಷರಗಳಿಂದ ಕಲಿಕೆ ಆರಂಭವಾಯಿತು.

ಈ ಪದ್ಧತಿ 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ವಿಸ್ತರಣೆಯಾಯಿತು. ಕ್ಯಾಂಪ್‌ಬೆಲ್ ಕಂಡ ನಾಲ್ಕು ವರ್ಗ ಮತ್ತು ಜೊತೆಯ ಮಗುವಿನ ನೆರವು ಸುಮಾರು 170 ವರ್ಷಗಳ ಬಳಿಕ, ಕೋದಂಡವನ್ನು ಬಿಟ್ಟು ಹಾಡು ಮತ್ತು ಆಟವನ್ನು ಕೂಡಿಸಿಕೊಂಡು ಮರಳಿದಂತಾಯಿತು. ಇದನ್ನು ನೇರ ಪರಂಪರೆಯೆಂದು ಹೇಳಲಾಗದು. ಒಂದೇ ಕೋಣೆಯಲ್ಲಿ ಹಲವು ಹಂತದ ಮಕ್ಕಳಿರುವಾಗ ಕಲಿಸುವವರು ತಲಪುವ ಸಮಾನ ಪರಿಹಾರವಿದು. ಆದರೆ ವಿಸ್ತರಣೆಯೊಂದಿಗೆ ಹಳೆಯ ತೊಡಕೂ ಬಂದಿತು. ಕಾರ್ಡುಗಳನ್ನು ತಾವೇ ತಯಾರಿಸಿದ ಶಿಕ್ಷಕರಿಗೆ ಅವು ತಮ್ಮ ಕೈಯ ಸಾಧನಗಳಾಗಿದ್ದವು; ಮೇಲಿನಿಂದ ಪೆಟ್ಟಿಗೆಯಲ್ಲಿ ಬಂದಾಗ ಅವು ಅನುಸರಿಸಬೇಕಾದ ಆದೇಶಗಳಾಗಿ ಕಾಣುವ ಸಂಭವವಿತ್ತು. ಟ್ಯಾಬ್ಲೆಟ್ಟಿನ ವಿಷಯದಲ್ಲಿ ಈ ಮಾತನ್ನು ಮತ್ತೆ ನೆನೆಯಬೇಕಾಗುತ್ತದೆ.

ಗಾಜಿನ ಹಲಗೆ

ಕಲಿಸುವ ಯಂತ್ರದ ಕಲ್ಪನೆಯ ಬೇರು ಅಮೆರಿಕದಲ್ಲಿದೆ. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1953ರಲ್ಲಿ ತನ್ನ ಮಗಳ ಗಣಿತದ ತರಗತಿಗೆ ಭೇಟಿಯಿತ್ತಾಗ ಎರಡು ಕೊರತೆಗಳನ್ನು ಕಂಡನು: ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ನಡೆಯಬೇಕಾಗಿತ್ತು, ಉತ್ತರ ಸರಿಯೋ ತಪ್ಪೋ ಎಂಬುದು ಕೂಡಲೇ ತಿಳಿಯುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ ಅವನು ಬೋಧನಾ ಯಂತ್ರವನ್ನು ನಿರ್ಮಿಸಿದನು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ‘ಪ್ಲೇಟೋ’ ಎಂಬ ಗಣಕ ವ್ಯವಸ್ಥೆ ಪಾಠಕ್ಕೆ ಬಳಕೆಯಾಯಿತು. ಮಕ್ಕಳು ಕೈಯಲ್ಲಿ ಹಿಡಿಯಬಹುದಾದ ಗಣಕದ ಕಲ್ಪನೆಯನ್ನು 1972ರಲ್ಲಿ ಅಲನ್ ಕೇ ಮಂಡಿಸಿದನು. 2010ರಲ್ಲಿ ಐಪ್ಯಾಡ್ ಬಂದಿತು. ಭಾರತದಲ್ಲಿ 2011ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳಿಗಾಗಿ ಅಗ್ಗದ ‘ಆಕಾಶ್’ ಟ್ಯಾಬ್ಲೆಟ್ ಬಿಡುಗಡೆಯಾಯಿತು. ಹೀಗೆ ಹಲಗೆ ಗಾಜಿನದಾಗಿ, ಬೆರಳು ಮತ್ತೆ ಬಳಪವಾಯಿತು.

ಟ್ಯಾಬ್ಲೆಟ್ ಬಳಸುವ ತರಗತಿಯ ಶಿಕ್ಷಕಿಯ ದಿನ ಪಾಠದಿಂದ ಆರಂಭವಾಗುವುದಿಲ್ಲ. ಸಾಧನಗಳಿಗೆ ವಿದ್ಯುತ್ತು ತುಂಬಿದೆಯೇ, ಪ್ರತಿ ಮಗು ತನ್ನ ಹೆಸರಿನ ಖಾತೆಯನ್ನೇ ತೆರೆದಿದೆಯೇ ಎಂಬುದನ್ನು ಮೊದಲು ನೋಡಬೇಕಾಗುತ್ತದೆ. ಪಕ್ಕದವನ ಖಾತೆಯಲ್ಲಿ ಕುಳಿತ ಮಗು ಅವನ ಪ್ರಗತಿಯನ್ನೇ ಕದಡಿಬಿಡುತ್ತದೆ. ಕಲಿಕೆ ಆರಂಭವಾದ ಬಳಿಕ ಮಾತ್ರ ಈ ಸಾಧನದ ಉಪಕಾರ ಸ್ಪಷ್ಟವಾಗುತ್ತದೆ. ಸರಿ ಉತ್ತರಕ್ಕೆ ಕಠಿಣ ಪ್ರಶ್ನೆ, ತಪ್ಪು ಉತ್ತರಕ್ಕೆ ಹಿಂದಿನ ಮೆಟ್ಟಿಲು ತಾನಾಗಿ ಬರುತ್ತದೆ. ಮುಂದೆ ಓಡುವ ಮಗು ಕಾಯಬೇಕಿಲ್ಲ. ಹಿಂದುಳಿದ ಮಗು ಎಲ್ಲರ ಎದುರು ನಿಂತು ತಪ್ಪಬೇಕಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು, ಪಕ್ಕದವರ ನೋಟು ನೋಡಿ ಬರೆದು, ವರ್ಷಪೂರ್ತಿ ಯಾರ ಗಮನಕ್ಕೂ ಬಾರದ ಮಗುವಿಗೆ ಸ್ಥಾನಬೆಲೆ ತಿಳಿದಿಲ್ಲವೆಂಬುದನ್ನು ಪರದೆಯ ಪಟ್ಟಿ ಒಂದೇ ವಾರದಲ್ಲಿ ಎತ್ತಿ ತೋರಿಸಬಲ್ಲದು. ನಲವತ್ತು ಮಕ್ಕಳ ಮೇಲೆ ಏಕಕಾಲಕ್ಕೆ ಕಣ್ಣಿಡುವುದು ಮನುಷ್ಯರಿಗೆ ಅಸಾಧ್ಯವೆಂಬುದನ್ನು ಒಪ್ಪಿಕೊಂಡರೆ, ಇದು ಸಣ್ಣ ಉಪಕಾರವಲ್ಲ.

ಆದರೆ ಯಂತ್ರ ಕಾಣುವುದು ಉತ್ತರವನ್ನು. ಐವತ್ತೆರಡರಲ್ಲಿ ಮೂವತ್ತೆಂಟು ಕಳೆದರೆ ಇಪ್ಪತ್ತಾರು ಎಂದು ಬರೆದ ಮಗು ಲೆಕ್ಕ ಬಾರದ ಮಗುವಲ್ಲ. ಪ್ರತಿ ಸ್ಥಾನದಲ್ಲಿಯೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬ ತನ್ನದೇ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ ಮಗು. ಉತ್ತಮ ತಂತ್ರಾಂಶ ಇಂತಹ ತಪ್ಪಿನ ಮಾದರಿಯನ್ನು ಗುರುತಿಸಬಲ್ಲದು. ಸಾಧಾರಣವಾದುದು ‘ತಪ್ಪು’ ಎಂದಷ್ಟೇ ಹೇಳಿ ಮುಂದಿನ ಲೆಕ್ಕ ಕೊಡುತ್ತದೆ. ‘ಹೇಗೆ ಮಾಡಿದೆಯಪ್ಪಾ, ಹೇಳು ನೋಡೋಣ’ ಎಂದು ಶಿಕ್ಷಕಿ ಕೇಳಿದಾಗ ಮಾತ್ರ ಮಗುವಿನ ತರ್ಕ ಹೊರಗೆ ಬರುತ್ತದೆ.

ಭಾಷೆಯ ಪಾಠದಲ್ಲಿ ಈ ಅಂತರ ಇನ್ನೂ ಹೆಚ್ಚು. ಹಳೆ ಮೈಸೂರು ಭಾಗದ ಹಲವು ಆಡುನುಡಿಗಳಲ್ಲಿ ಪದದ ಮೊದಲಿನ ಹಕಾರ ಉಚ್ಚಾರವಾಗುವುದಿಲ್ಲ. ‘ಹಾಲು’ ‘ಆಲು’ ಆಗುತ್ತದೆ, ‘ಹಲಗೆ’ ‘ಅಲಗೆ’ ಆಗುತ್ತದೆ. ಹಾಲಿನ ಚಿತ್ರ ತೋರಿಸಿ ಮೊದಲ ಅಕ್ಷರವನ್ನು ಆರಿಸಲು ಹೇಳಿದಾಗ ಮಗು ‘ಆ’ ಎಂಬುದನ್ನು ಮುಟ್ಟುತ್ತದೆ. ಮಗುವಿಗೆ ಅಕ್ಷರ ಗೊತ್ತಿಲ್ಲವೆಂದು ತೀರ್ಮಾನಿಸುವ ಯಂತ್ರ ಅದನ್ನು ಮತ್ತೆ ಅಕ್ಷರ ಗುರುತಿಸುವ ಮೆಟ್ಟಿಲಿಗೆ ಇಳಿಸುತ್ತದೆ. ವಾಸ್ತವದಲ್ಲಿ ಮಗುವಿಗೆ ಎರಡೂ ಅಕ್ಷರ ಬರುತ್ತವೆ. ಅದು ತನ್ನ ತಾಯಿಯ ಮಾತನ್ನು ಸರಿಯಾಗಿಯೇ ಬರೆದಿದೆ. ಮನೆಯ ನುಡಿ ತಪ್ಪಲ್ಲ, ಬರಹದ ನುಡಿ ಬೇರೆ ಎಂದು ಆ ಮಗುವಿಗೆ ಹೇಳಬೇಕಾದುದು ಆ ಊರಿನ ಮಾತನ್ನು ಬಲ್ಲ ಶಿಕ್ಷಕಿ. ವೈಯಕ್ತಿಕವೆಂಬ ಮಾತಿಗೆ ನಿಜವಾದ ಅರ್ಥ ಬರುವುದು ಇಂತಹ ಕಡೆಯಲ್ಲಿ.

ಅಧ್ಯಯನಗಳು ತೋರಿಸುವುದೂ ಇದಕ್ಕೆ ವಿರುದ್ಧವಾಗಿಲ್ಲ. ಪೆರು ದೇಶದ 319 ಗ್ರಾಮೀಣ ಶಾಲೆಗಳಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದುದರ ಪರಿಣಾಮವನ್ನು ಅಳೆದ 2012ರ ಅಧ್ಯಯನಕ್ಕೆ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಏರಿಕೆ ಕಂಡುಬರಲಿಲ್ಲ. ಮಲಾವಿ ದೇಶದಲ್ಲಿ ಮಕ್ಕಳ ನುಡಿಯಾದ ಚಿಚೆವಾದಲ್ಲಿಯೇ ಸಿದ್ಧಪಡಿಸಿದ ಗಣಿತದ ಪಾಠಗಳನ್ನು ಟ್ಯಾಬ್ಲೆಟ್ಟಿನಲ್ಲಿ ಎಂಟು ವಾರ ಕಲಿತ ಮಕ್ಕಳು ಮುಂದುವರಿದುದನ್ನು 2015ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ದೆಹಲಿಯಲ್ಲಿ 2015ರಲ್ಲಿ 619 ವಿದ್ಯಾರ್ಥಿಗಳೊಂದಿಗೆ ನಡೆದ ಪ್ರಯೋಗದಲ್ಲಿ, ಮಗುವಿನ ಮಟ್ಟಕ್ಕೆ ಹೊಂದಿಕೊಳ್ಳುವ ತಂತ್ರಾಂಶವನ್ನು ಗಣಕದಲ್ಲಿ ಬಳಸಿದವರು ಗಣಿತ ಮತ್ತು ಹಿಂದಿಯಲ್ಲಿ ಗಮನಾರ್ಹವಾಗಿ ಸುಧಾರಿಸಿದರು. ಅಲ್ಲಿ ದಿನದ ತೊಂಬತ್ತು ನಿಮಿಷಗಳಲ್ಲಿ ಅರ್ಧ ಯಂತ್ರದ್ದು. ಉಳಿದರ್ಧ ಸಣ್ಣ ಗುಂಪಿನಲ್ಲಿ ಮನುಷ್ಯರು ಕಲಿಸಿದ್ದು ಎಂಬುದನ್ನು ಮರೆಯಬಾರದು. ಸಾಧನವನ್ನು ಹಂಚುವುದು ಬೇರೆ, ಮಗುವಿನ ನುಡಿ ಮತ್ತು ಮಟ್ಟವನ್ನು ಅರಿತು ಕಲಿಸುವುದು ಬೇರೆ.

ಒರೆಸುವ ಹಕ್ಕು

2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಕರ್ನಾಟಕದಲ್ಲಿ ಆಗಸ್ಟ್ ತಿಂಗಳಿನಲ್ಲಿ ‘ವಿದ್ಯಾಗಮ’ ಆರಂಭವಾಯಿತು. ಮೊಬೈಲು ಇಲ್ಲದ ಮನೆ, ಸಾದಾ ಮೊಬೈಲಿನ ಮನೆ, ಸ್ಮಾರ್ಟ್‌ಫೋನಿನ ಮನೆ ಎಂಬ ಭೇದವನ್ನು ಲೆಕ್ಕಕ್ಕೆ ತೆಗೆದುಕೊಂಡು ಶಿಕ್ಷಕರು ಮಕ್ಕಳಿದ್ದಲ್ಲಿಗೆ ಹೋದರು. ಗುಡಿಯ ಅಂಗಳ, ಮರದ ನೆರಳು, ಮನೆಯ ಜಗಲಿ ಮತ್ತೆ ಶಾಲೆಗಳಾದವು. ಸೋಂಕಿನ ಆತಂಕದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 1823ರಲ್ಲಿ ಜಗಲಿಗೆ ಏರಲಾಗದವರು ಯಾರು ಎಂಬ ಪ್ರಶ್ನೆ 2020ರಲ್ಲಿ ಪರದೆ ಇಲ್ಲದವರು ಯಾರು ಎಂಬ ರೂಪದಲ್ಲಿ ಎದುರಾದುದು ಆಕಸ್ಮಿಕವಲ್ಲ.

ಇದರಷ್ಟೇ ಮುಖ್ಯವಾದ, ಆದರೆ ಕಣ್ಣಿಗೆ ಬೇಗನೆ ಬೀಳದ ಪ್ರಶ್ನೆ ಇನ್ನೊಂದಿದೆ. ಮರಳು ಮರೆಯುತ್ತಿತ್ತು. ಹಲಗೆಯೂ ಮರೆಯುತ್ತಿತ್ತು. ಮಗು ನೂರು ಬಾರಿ ತಪ್ಪು ಬರೆದು ಒರೆಸಿದರೂ ನೂರೊಂದನೆಯ ಬಾರಿ ಬರೆದ ಸರಿಯಾದ ಅಕ್ಷರವೊಂದೇ ಐಗಳ ಎದುರಿಗೆ ಇರುತ್ತಿತ್ತು. ಟ್ಯಾಬ್ಲೆಟ್ಟಿನಲ್ಲಿ ಮಗುವಿನ ಕಣ್ಣಿಗೆ ಅಳಿದಂತೆ ಕಾಣುವ ತಪ್ಪು ಅಳಿದಿರುವುದಿಲ್ಲ. ಎಷ್ಟು ಸಲ, ಎಷ್ಟು ಹೊತ್ತಿನಲ್ಲಿ, ಯಾವ ಪ್ರಶ್ನೆಗೆ ಎಂಬ ವಿವರಗಳೊಂದಿಗೆ ಎಲ್ಲಿಯೋ ಸಂಗ್ರಹವಾಗಿರುತ್ತದೆ. ಬಳ್ಳಾರಿಯ ಹಳೆಯ ಶಾಲೆಯ ಹಲಗೆ ಮತ್ತು ಕಚೇರಿಯ ಕಡತ, ಶತಮಾನದ ಅಗಲಿಕೆಯ ನಂತರ ಈ ಗಾಜಿನ ಫಲಕದಲ್ಲಿ ಒಂದಾಗಿವೆ. ಮಗುವಿನ ಕಡೆಗೆ ತಿರುಗಿದ ಮುಖ ಹಲಗೆಯದು; ಆಡಳಿತದ ಕಡೆಗೆ ತಿರುಗಿದ ಮುಖ ಕಡತದ್ದು. ಇವೆರಡರ ನಡುವೆ ನಿಂತಿರುವವರು ಶಿಕ್ಷಕರು.

ಸಂಗ್ರಹವಾದ ವಿವರ ಶಿಕ್ಷಕರ ಕೈಯಲ್ಲಿದ್ದರೆ ಅದು ಐಗಳ ಕಣ್ಣಿನ ವಿಸ್ತರಣೆಯಾಗುತ್ತದೆ. ಯಾವ ಮಗುವಿನ ಪಕ್ಕದಲ್ಲಿ ಇಂದು ಕೂರಬೇಕೆಂಬುದನ್ನು ಹೇಳುತ್ತದೆ. ಅದೇ ವಿವರ ಶಾಲೆಗಳ ಹೋಲಿಕೆಗೆ, ಶಿಕ್ಷಕರ ಮೌಲ್ಯಮಾಪನಕ್ಕೆ ಮಾತ್ರ ಬಳಕೆಯಾದರೆ 1860ರ ದಶಕದ ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬರುವುದನ್ನು ಬಿಟ್ಟು ನಿಮಿಷಕ್ಕೊಮ್ಮೆ ಬಂದಂತಾಗುತ್ತದೆ. ಆಗ ಪರದೆಯ ಮೇಲಿನ ಅಂಕಿಗಳು ಏರುವಂತೆ ನೋಡಿಕೊಳ್ಳುವುದು ಕಲಿಸುವ ಕೆಲಸದ ಸ್ಥಾನವನ್ನು ಆಕ್ರಮಿಸುತ್ತದೆ. ಮಗು ನಕ್ಷತ್ರ ಗಳಿಸಲು ಉತ್ತರಗಳನ್ನು ಊಹಿಸಿ ಮುಟ್ಟುವುದನ್ನು ಕಲಿಯುತ್ತದೆ.

ಆದುದರಿಂದ ಟ್ಯಾಬ್ಲೆಟ್ ಬೇಕೇ ಬೇಡವೇ ಎಂಬ ಚರ್ಚೆಗಿಂತ, ಅದರಲ್ಲಿ ಹಲಗೆಯ ಗುಣವನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಚರ್ಚೆ ಹೆಚ್ಚು ಫಲಪ್ರದವಾದುದು. ಯಂತ್ರ ಸೂಚಿಸಿದ ಮೆಟ್ಟಿಲನ್ನು ಬದಲಿಸುವ ಅಧಿಕಾರ ಶಿಕ್ಷಕರಿಗೆ ಇರಬೇಕು. ಪಾಠಗಳಲ್ಲಿ ಕನ್ನಡದ ಆಡುನುಡಿಗಳ ಅರಿವಿರಬೇಕು. ಜೊತೆಯ ಮಗುವಿನಿಂದ ಕಲಿಯುವ ಅವಕಾಶವನ್ನು ಕಿವಿಗೆ ಸಿಕ್ಕಿಸುವ ಸಾಧನ ಕಸಿಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಲಿಯುವ ವಯಸ್ಸಿನ ತಪ್ಪುಗಳು ಮಗುವಿನ ಬೆನ್ನಿಗೆ ಅಂಟಿಕೊಳ್ಳದಂತೆ ಒರೆಸಿಹೋಗುವ ವ್ಯವಸ್ಥೆ ಇರಬೇಕು. ಬಳ್ಳಾರಿಯ ಐದು ವರ್ಷದ ಮಗುವಿಗೆ ಒಂದು ಹಿಡಿ ಮರಳು ಕೊಟ್ಟಿದ್ದ ಈ ಹಕ್ಕನ್ನು ಇಂದಿನ ಮಗುವಿಗೆ ಗಾಜಿನ ಹಲಗೆಯೂ ಕೊಡಬೇಕಾಗಿದೆ.